ಈರುಳ್ಳಿ ಪೊರೆಯಲ್ಲಿ ಜೀವಕೋಶ ನೋಡುವವರಿಗೆ
ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ತೋರಿಸೋಕೆ ಈರುಳ್ಳಿಯ ಹೊರಗಿನ ಒಣ ಸಿಪ್ಪೆ ಬೇಡ. ಒಳಗಿನ ದಪ್ಪ ಪದರ ಮುರಿದು, ಅದರ ಒಳಬದಿಯ ತೆಳ್ಳನೆಯ ಪೊರೆಯನ್ನು ಚಿಮಟದಿಂದ ಎಳೆಯಿರಿ. ಸ್ಲೈಡ್ (ಗಾಜಿನ ಪಟ್ಟಿ) ಮೇಲಿನ ನೀರಹನಿಯಲ್ಲಿ ಮಡಿಕೆಯಿಲ್ಲದೆ ಹರಡಿ, ಬಣ್ಣ ಹಿಡಿಸಲು ಒಂದು ಹನಿ ಅಯೋಡಿನ್ ಹಾಕಿ.

ಕವರ್‌ಸ್ಲಿಪ್ಪನ್ನು (ಮೇಲೆ ಮುಚ್ಚುವ ತೆಳು ಗಾಜು) ಸುಮ್ನೆ ಮೇಲಿಂದ ಬಿಡಬೇಡಿ. ಒಂದು ಅಂಚು ತಾಗಿಸಿ, ಸೂಜಿಯ ಆಸರೆ ಕೊಟ್ಟು ನಿಧಾನವಾಗಿ ಮಲಗಿಸಿ. ಇಲ್ಲದಿದ್ದರೆ ಗಾಳಿಗುಳ್ಳೆ ಜಾಸ್ತಿ. ದಪ್ಪ ಕಪ್ಪು ಅಂಚಿನ ದುಂಡು ಗುಳ್ಳೆ ನೋಡಿ, ಇದೇ ಜೀವಕೋಶ ಅಂತ ನಾನೂ ಒಮ್ಮೆ ಚಿತ್ರ ಬರೆದಿದ್ದೆ!

ನಿಜವಾದ ಕೋಶಗಳು ಇಟ್ಟಿಗೆ ಗೋಡೆ ಥರ ಸಾಲಾಗಿರುತ್ತವೆ. ಒಳಗೆ, ಹೆಚ್ಚಾಗಿ ಒಂದು ಬದಿಗೆ ಒತ್ತಿಕೊಂಡಿರುವ ಚುಕ್ಕೆಯೇ ಕೋಶಕೇಂದ್ರ. ಹಸಿರು ಕಣ ಹುಡುಕಬೇಡಿ. ಬೆಳಕು ಕಾಣದ ಗೆಡ್ಡೆ ಅಲ್ವಾ, ಪತ್ರಹರಿತ್ತು ಅಲ್ಲಿ ಸಿಗುವುದಿಲ್ಲ.