ಮಕ್ಕಳಿಗೆ ಪಿಯಾನೊ ಕೇಳಿಸೋಣ: ಊರಲ್ಲೇ ಉಚಿತ ಕಛೇರಿ ಮಾಡುವುದು ಹೇಗೆ?

ಕೊಡಗಿನ ಮಗುವೊಂದು ಪಿಯಾನೊ ಕಛೇರಿ ಕೇಳಬೇಕೆಂದರೆ ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕು. ಮಡಿಕೇರಿಯಿಂದ ಸುಮಾರು 250 ಕಿ.ಮೀ. ನಮ್ಮ ಜಿಲ್ಲೆಗೆ ರೈಲಂತೂ ಇಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ, ಎರಡು ಗಂಟೆ ಅಲುಗಾಡದೆ ಕೂರಿಸಿ, ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವುದು ಎಷ್ಟು ಮನೆಯವರಿಗೆ ಸಾಧ್ಯ? ಟಿಕೆಟ್ ಕೊಳ್ಳುವ ಮನೆಗಳಿಗೇ ಇದು ಕಷ್ಟ. ಇನ್ನು ತೋಟದ ಕೂಲಿಕಾರರ ಲೈನ್‌ಮನೆಯ ಮಕ್ಕಳ ಮಾತು ಬಿಡಿ.

ಆದ್ದರಿಂದ ಕಛೇರಿಯೇ ಮಕ್ಕಳ ಹತ್ತಿರ ಬರಬೇಕು. ದೊಡ್ಡ ಸಭಾಂಗಣ ಬೇಕಿಲ್ಲ. ಒಂದು ಶಾಲೆಯ ಹಾಲ್, ಒಂದು ವಾದ್ಯ, ನುಡಿಸುವ ಒಬ್ಬರು, ಓಡಾಡಲು ನಾಲ್ಕೈದು ಜನ. ಇಷ್ಟಿದ್ದರೆ ಗೋಣಿಕೊಪ್ಪದಲ್ಲೂ ಮಾಡಬಹುದು, ನಾಪೋಕ್ಲಿನಲ್ಲೂ ಮಾಡಬಹುದು.

‘ಪಾಶ್ಚಾತ್ಯ ಸಂಗೀತ ನಮಗ್ಯಾಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರಿಗೆ ಪಿಯಾನೊ ಮೇಲೂ ಅಷ್ಟೇ ಪ್ರೀತಿ. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್ ಅವರ ಕೃತಿಗಳು ರೆಕಾರ್ಡ್ ಆಗಿ ಉಳಿದದ್ದು ಒಡೆಯರ್ ಕೊಟ್ಟ ಹಣದಿಂದ. ಮೆಡ್ಟ್‌ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಅವರಿಗೇ ಅರ್ಪಿಸಿದರು. ಪಕ್ಕದ ಮೈಸೂರಿನಲ್ಲೇ ಇಷ್ಟೆಲ್ಲ ನಡೆದಿದೆ. ಒಂದು ಸಂಗೀತ ಬಂತೆಂದು ಇನ್ನೊಂದು ಮನೆ ಬಿಟ್ಟು ಹೋಗುವುದಿಲ್ಲ.

ದಿನ ಮತ್ತು ಜಾಗ

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲೇ. ಕರೆಂಟ್ ಯಾವಾಗ ಹೋಗುತ್ತದೋ, ಶಾಲೆಗೆ ಯಾವಾಗ ರಜೆ ಕೊಡುತ್ತಾರೋ ಹೇಳಲಾಗದು. ಶೀಟ್ ಹೊದಿಸಿದ ಹಾಲ್ ಆದರೆ ಮಳೆ ಸದ್ದಿನಲ್ಲಿ ಪಿಯಾನೊ ಕೇಳಿಸುವುದೇ ಇಲ್ಲ. ದಸರಾ ಸಮಯದಲ್ಲಿ ಮಡಿಕೇರಿ ತುಂಬ ಜನ. ಜನವರಿ ಬಂದರೆ ರೊಬಸ್ಟಾ ಕುಯ್ಲು. ನನ್ನ ಪ್ರಕಾರ ನವೆಂಬರ್ ಒಳ್ಳೆಯದು. ಮಳೆ ಹೆಚ್ಚುಕಡಿಮೆ ಬಿಟ್ಟಿರುತ್ತದೆ, ಸುಗ್ಗಿಯ ಹುತ್ತರಿ ಹಬ್ಬ ಬರುವುದು ಸಾಮಾನ್ಯವಾಗಿ ತಿಂಗಳ ಕೊನೆಯಲ್ಲೋ ಡಿಸೆಂಬರಿನಲ್ಲೋ, ಪರೀಕ್ಷೆಯ ಗಡಿಬಿಡಿಯೂ ದೂರ.

ಶನಿವಾರ ಅರ್ಧ ದಿನ ಶಾಲೆ ಮುಗಿದ ಮೇಲೆ ಮಧ್ಯಾಹ್ನ ಎರಡೂವರೆಗೆ ಇಟ್ಟರೆ ಮಕ್ಕಳು ಅಲ್ಲೇ ಸಿಗುತ್ತಾರೆ. ಸಂತೆ ದಿನವನ್ನೂ ಯೋಚಿಸಿ. ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ, ಸುತ್ತಲ ಊರಿನವರು ಹೇಗೂ ಬಂದಿರುತ್ತಾರೆ. ಅಪ್ಪ ಅಮ್ಮ ಸಾಮಾನು ತರುವಷ್ಟರಲ್ಲಿ ಮಕ್ಕಳು ಕಛೇರಿ ಕೇಳಬಹುದು. ಏನೇ ಆಗಲಿ ನಾಲ್ಕೂವರೆಯೊಳಗೆ ಮುಗಿಸಿ. ಒಳಗಿನ ಹಳ್ಳಿಗಳಿಗೆ ಸಂಜೆ ಬಸ್ಸು ತಪ್ಪಿದರೆ ಆಟೊ ಬಾಡಿಗೆ ಕೊಟ್ಟು ಸಾಕಾಗುತ್ತದೆ. ಆ ಮನೆಯವರು ಮುಂದಿನ ಸಲ ಬರುವುದಿಲ್ಲ.

ಕೊಡವ ಸಮಾಜ, ಗೌಡ ಸಮಾಜದಂಥ ದೊಡ್ಡ ಹಾಲ್‌ಗಳು ಮದುವೆ ದಿನಗಳಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಐವತ್ತು ಮಕ್ಕಳಿಗೆ ಅಷ್ಟು ದೊಡ್ಡ ಜಾಗದಲ್ಲಿ ಸದ್ದು ಗೋಡೆಗೆ ಬಡಿದು ಕಲಸಿಹೋಗುತ್ತದೆ. ಶಾಲೆಯ ಹಾಲ್, ಗ್ರಂಥಾಲಯದ ಕೋಣೆ, ಚರ್ಚ್ ಹಾಲ್ ಸಾಕು. ಚರ್ಚ್‌ನಲ್ಲಿ ಹಳೆಯ ಪಿಯಾನೊ ಇದ್ದರೂ ಇರಬಹುದು. ಒಂದು ಮಾತು ಕೇಳಿ ನೋಡಿ.

ಯಾವ ವಾದ್ಯ?

ನಿಜವಾದ ಪಿಯಾನೊದಲ್ಲಿ 88 ಕೀಗಳು, ಸುಮಾರು 230 ತಂತಿಗಳು. ಆ ತಂತಿಗಳೆಲ್ಲ ಸೇರಿ ಎಳೆಯುವ ಬಲ 18-20 ಟನ್. ಅದನ್ನು ತಡೆಯಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುತ್ತದೆ. ಗೋಡೆಗೆ ಒರಗಿಸಿ ಇಡುವ ಅಪ್‌ರೈಟ್ ಪಿಯಾನೊ ಕೂಡ 200 ಕೆ.ಜಿ.ಯಷ್ಟು ತೂಗುತ್ತದೆ. ಘಾಟಿ ರಸ್ತೆಯಲ್ಲಿ ಲಾರಿಯ ಮೇಲೆ ತಂದರೆ ಶ್ರುತಿ ಕದಲುತ್ತದೆ. ತಂದ ಮೇಲೆ ಹೊಸ ಜಾಗದ ಹವೆಗೆ ಒಗ್ಗಲು ಬಿಟ್ಟು ಟ್ಯೂನ್ ಮಾಡಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀ ಸಿಕ್ಕಿಹಾಕಿಕೊಳ್ಳುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಒಂದು ದಿನದ ಕಛೇರಿಗೆ ಪಿಯಾನೊ ಸಾಗಿಸುವುದು ದುಡ್ಡಿಗೂ ದಂಡ, ವಾದ್ಯಕ್ಕೂ ಕೆಟ್ಟದ್ದು.

ಊರಲ್ಲಿ ಒಳ್ಳೆಯ ಸ್ಥಿತಿಯ ಪಿಯಾನೊ ಇದ್ದರೆ ಮಕ್ಕಳನ್ನೇ ಅದರ ಹತ್ತಿರ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಡಿಜಿಟಲ್ ಪಿಯಾನೊ. ಹೊತ್ತು ತರಬಹುದಾದ ಮಾದರಿಗಳು 12 ಕೆ.ಜಿ. ಆಸುಪಾಸು ಇರುತ್ತವೆ, ಕಾರಿನ ಹಿಂದಿನ ಸೀಟಿನಲ್ಲಿ ಬರುತ್ತವೆ. ಯುಪಿಎಸ್ ಮೇಲೂ ನಡೆಯುತ್ತವೆ. ಆದರೆ ಒಂದು ವಿಷಯ ಗಟ್ಟಿಯಾಗಿ ಕೇಳಿ: 88 ಕೀ ಇರಬೇಕು, ಅವು ತೂಕದ ಕೀಗಳಾಗಿರಬೇಕು (ಒತ್ತಿದರೆ ನಿಜವಾದ ಪಿಯಾನೊದ ಕೀಯಷ್ಟೇ ಭಾರ ಅನ್ನಿಸುವಂಥವು), ಜೊತೆಗೆ ಕಾಲಲ್ಲಿ ತುಳಿಯುವ ಪೆಡಲ್ ಇರಬೇಕು. ಆರ್ಕೆಸ್ಟ್ರಾದವರು ಬಳಸುವ 61 ಕೀಗಳ ಕೀಬೋರ್ಡ್ ಈ ಸಂಗೀತಕ್ಕೆ ಸಾಲದು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಬೇಕು. ಪಿಯಾನೊದ ಜೀವವೇ ಅದು. ಸುಮಾರು 1700ರ ಹೊತ್ತಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯ ಕಟ್ಟಿದ್ದು ಅದಕ್ಕಾಗಿಯೇ. ಅದಕ್ಕೂ ಮೊದಲು ಇದ್ದ ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳು ಎಷ್ಟು ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ.

ನುಡಿಸುವವರು, ಖರ್ಚು

ಹೆಸರಾಂತ ಕಲಾವಿದರೇ ಬರಬೇಕೆಂದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಪಿಯಾನೊ ಕಲಿಸುವವರಿದ್ದಾರೆ, ಬ್ರಿಟನ್ನಿನ ಸಂಗೀತ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಯ ಮೇಲಿನ ಗ್ರೇಡ್‌ಗಳನ್ನು ಮುಗಿಸಿದ ವಿದ್ಯಾರ್ಥಿಗಳಿದ್ದಾರೆ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಕಲಿಸುತ್ತಿದೆ. ಅಂಥ ಕಡೆ ವಿಚಾರಿಸಿ. ಕನ್ನಡದಲ್ಲಿ ಮಾತಾಡಬಲ್ಲವರು ಸಿಕ್ಕರೆ ಅವರೇ ಮೊದಲ ಆಯ್ಕೆ. ನಿಮ್ಮೂರಿನಲ್ಲೇ ಕೀಬೋರ್ಡ್ ಕಲಿಯುವ ಮಗುವಿದ್ದರೆ ಒಂದು ನಿಮಿಷದ ತುಣುಕು ನುಡಿಸಲು ಅವಕಾಶ ಕೊಡಿ. ಪೆಟ್ಸೋಲ್ಡ್ ಬರೆದ ಜಿ ಮೇಜರ್ ಮಿನುಎಟ್ ಎಂಬ ಪುಟ್ಟ ಕುಣಿತದ ತುಣುಕು ಹೊಸಬರಿಗೂ ಕೈಗೆ ಬರುತ್ತದೆ. ಪಕ್ಕದ ಬೆಂಚಿನ ಹುಡುಗಿ ನುಡಿಸಿದಳು ಎಂದಾಗ ಉಳಿದ ಮಕ್ಕಳ ಕಣ್ಣೇ ಬೇರೆ ಆಗುತ್ತದೆ.

ಉಚಿತ ಎಂದರೆ ಕೇಳುವವರಿಗೆ ಉಚಿತ, ನುಡಿಸುವವರಿಗೆ ಅಲ್ಲ. ಸಂಭಾವನೆ, ಹೋಗಿಬರುವ ಖರ್ಚು, ಊಟ, ಉಳಿಯಲು ಕೋಣೆ, ಇಷ್ಟನ್ನೂ ಮೊದಲೇ ಮಾತಾಡಿ. ನಮ್ಮಲ್ಲಿ ಹೋಂಸ್ಟೇ ನಡೆಸುವವರಿಗೆ ಕೊರತೆಯಿಲ್ಲ, ಒಬ್ಬರು ಕೋಣೆ ಕೊಟ್ಟರೆ ಒಂದು ಖರ್ಚು ಇಳಿಯಿತು. ತೋಟದ ಮಾಲೀಕರು, ಸಹಕಾರ ಸಂಘ, ರೋಟರಿಯಂಥವರನ್ನು ಕೇಳಬಹುದು. ಬಾಗಿಲಲ್ಲಿ ಕಾಣಿಕೆ ಡಬ್ಬಿ ಮಾತ್ರ ಇಡಬೇಡಿ. ಕೈಯಲ್ಲಿ ದುಡ್ಡಿಲ್ಲದ ಮಗು ಅದನ್ನು ಕಂಡು ಹೊರಗೇ ನಿಲ್ಲುತ್ತದೆ.

ಕೃತಿಗಳಿಗೆ ಹಣ ಕಟ್ಟಬೇಕೇ ಎಂಬ ಭಯ ಬೇಡ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷವಾದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಮುಂದೆ ಹೇಳುವ ಕೃತಿಗಳನ್ನು ಬರೆದ ಮೊಜಾರ್ಟ್, ಶೊಪಾನ್, 1918ರಲ್ಲಿ ತೀರಿಕೊಂಡ ಡೆಬ್ಯೂಸಿ ಎಲ್ಲರೂ ಇದರಲ್ಲಿ ಬಂದರು.

ಏನು ನುಡಿಸಬೇಕು?

ಇಲ್ಲಿ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಳ್ಳಿ. ನುಡಿಸುವುದು ಒಟ್ಟು ಇಪ್ಪತ್ತು ನಿಮಿಷ, ಮಾತು ಹತ್ತು ನಿಮಿಷ. ಅದಕ್ಕಿಂತ ಉದ್ದ ಬೇಡ. ಒಂದೊಂದು ತುಣುಕಿಗೂ ಮಕ್ಕಳಿಗೆ ಒಂದೊಂದು ಕೆಲಸ ಕೊಡಿ, ಸುಮ್ನೆ ಕೇಳಿ ಎಂದರೆ ಆಗುವುದಿಲ್ಲ.

ಮೊದಲು ಮೊಜಾರ್ಟ್. ಅಂಗನವಾಡಿ ಮಗುವಿಗೂ ಗೊತ್ತಿರುವ ‘ಟ್ವಿಂಕಲ್ ಟ್ವಿಂಕಲ್’ ರಾಗ ಮೂಲತಃ ಫ್ರಾನ್ಸಿನದು. ಮೊಜಾರ್ಟ್ 1780ರ ದಶಕದ ಆರಂಭದಲ್ಲಿ ಅದನ್ನು ಹಿಡಿದು 12 ಬಗೆಯಲ್ಲಿ ಬೆಳೆಸಿದರು. ಹನ್ನೆರಡೂ ಬೇಡ. ಮೂಲ ರಾಗ, ಮೊದಲನೆಯದು, ಮಂಕಾಗಿ ಕೇಳುವ ಎಂಟನೆಯದು, ಓಡುವ ಹನ್ನೆರಡನೆಯದು ಸಾಕು. ‘ನಿಮಗೆ ಗೊತ್ತಿರುವ ಹಾಡು ಎಲ್ಲಿ ಅಡಗಿದೆ? ಸಿಕ್ಕಿದಾಗ ಕೈ ಎತ್ತಿ’ ಎಂದು ಹೇಳಿ.

ಆಮೇಲೆ ಶೂಮನ್ನರ ‘ಕಾಡು ಸವಾರ’. ಶೂಮನ್ 1848ರಲ್ಲಿ ತಮ್ಮ ಮಗಳು ಮಾರಿಯ ಏಳನೇ ಹುಟ್ಟುಹಬ್ಬಕ್ಕೆ ಬರೆಯಲು ಶುರುಮಾಡಿದ ತುಣುಕುಗಳು ಬೆಳೆದು 43 ಆದವು. ಅದರಲ್ಲಿ ಇದೊಂದು. ಒಂದು ನಿಮಿಷವೂ ಇಲ್ಲ. ರಾಗ ಬಲಗೈಯಲ್ಲಿ ಶುರುವಾಗಿ ಎಡಗೈಗೆ ಹಾರಿ ಮತ್ತೆ ಬಲಗೈಗೆ ಬರುತ್ತದೆ. ಕುದುರೆ ಈಗ ಯಾವ ಕೈಯಲ್ಲಿದೆ ಎಂದು ಮಕ್ಕಳು ತೋರಿಸಬೇಕು. ಎರಡು ಸಲ ನುಡಿಸಿ. ಎರಡನೇ ಸಲ ಎಲ್ಲರೂ ಸರಿಯಾಗಿ ಹಿಡಿಯುತ್ತಾರೆ.

ಮೂರನೆಯದು ಆನೆ. ಡೆಬ್ಯೂಸಿ ತಮ್ಮ ಪುಟ್ಟ ಮಗಳಿಗೆಂದು ಬರೆದು 1908ರಲ್ಲಿ ಪ್ರಕಟವಾದ ಆರು ತುಣುಕುಗಳಲ್ಲಿ ಎರಡನೆಯದು ಅವಳ ಆಟಿಕೆ ಆನೆ ಜಿಂಬೋಗೆ ಜೋಗುಳ. ಪಿಯಾನೊದ ಎಡತುದಿಯ ಕೆಳಸ್ವರಗಳಲ್ಲಿ ಆನೆ ಮೆಲ್ಲಗೆ ಹೆಜ್ಜೆಯಿಡುತ್ತದೆ. ದುಬಾರೆಯಲ್ಲಿ ಆನೆ ಹೊಳೆಗಿಳಿಯುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕೇ?

ನಾಲ್ಕನೆಯದು ನನ್ನ ಮೆಚ್ಚಿನದು. ಶೊಪಾನ್ 1839ರಲ್ಲಿ ಪ್ರಕಟಿಸಿದ ಚಿಕ್ಕ ಪಿಯಾನೊ ತುಣುಕುಗಳಾದ 24 ಪ್ರಿಲ್ಯೂಡ್‌ಗಳಲ್ಲಿ ಹದಿನೈದನೆಯದು. ಜನ ಅದನ್ನು ‘ಮಳೆಹನಿ’ ಎನ್ನುತ್ತಾರೆ, ಆ ಹೆಸರು ಶೊಪಾನ್ ಇಟ್ಟದ್ದಲ್ಲ. ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಕೀ ಟಪ್ ಟಪ್ ಎಂದು ಬೀಳುತ್ತಲೇ ಇರುತ್ತದೆ. ಮೊದಲು ಮೇಲೆ ಇಂಪಾದ ರಾಗ. ನಡುವೆ ರಾಗ ಕೆಳಗಿಳಿದು ಕತ್ತಲಾಗುತ್ತದೆ, ಅದೇ ಹನಿ ಈಗ ಬಡಿಯತೊಡಗುತ್ತದೆ. ಕೊನೆಗೆ ಮತ್ತೆ ತಿಳಿಯಾಗುತ್ತದೆ. ಆ ಒಂದು ಹನಿಯನ್ನು ಮಕ್ಕಳು ತೊಡೆಯ ಮೇಲೆ ಬೆರಳಲ್ಲಿ ತಟ್ಟಲಿ. ಐದಾರು ನಿಮಿಷ ಸಣ್ಣ ಮಕ್ಕಳಿಗೆ ಉದ್ದವೇ. ಆದರೆ ಹೆಂಚಿನ ಮೇಲೆ ವಾರಗಟ್ಟಲೆ ಮಳೆ ಕೇಳಿ ಬೆಳೆದ ನಮ್ಮ ಮಕ್ಕಳು ಇದನ್ನು ಕೂತು ಕೇಳುತ್ತಾರೆ ಎಂಬ ನಂಬಿಕೆ ನನಗಿದೆ.

ಕೊನೆಗೆ ಬೀಥೋವನ್ನರ ‘ಫ್ಯೂರ್ ಎಲೀಸ್’. ಆಟಿಕೆಗಳಲ್ಲಿ, ಫೋನ್‌ನಲ್ಲಿ ಮೊದಲ ನಾಲ್ಕು ಸಾಲು ಎಲ್ಲರೂ ಕೇಳಿದ್ದಾರೆ. ಪೂರ್ತಿ ಕೇಳಿದವರು ಕಡಿಮೆ. ಗೊತ್ತಿರುವ ರಾಗದ ಒಳಗೆ ಗೊತ್ತಿಲ್ಲದ ಗುಡುಗೊಂದು ಇದೆ ಎಂದು ಆಗ ತಿಳಿಯುತ್ತದೆ.

ಒಂದು ವಾರ ಮೊದಲು

ಶಾಲೆಯಲ್ಲೋ ಮನೆಯಲ್ಲೋ ಇವುಗಳಲ್ಲಿ ಎರಡನ್ನು ಮಾತ್ರ ಫೋನ್‌ನಲ್ಲಿ ಕೇಳಿಸಿ. ಊಟ ಮಾಡುವಾಗ, ಚಿತ್ರ ಬಿಡಿಸುವಾಗ ಹಿನ್ನೆಲೆಯಲ್ಲಿ ಇದ್ದರೆ ಸಾಕು, ಪಾಠ ಮಾಡಬೇಡಿ. ಸರ್ಕಾರಿ ಶಾಲೆಗಳಿಗೆ, ಆಶ್ರಮ ಶಾಲೆಗಳಿಗೆ, ಬುಡಕಟ್ಟು ಜನರ ಹಾಡಿಯ ಮಕ್ಕಳಿಗೆ ಖುದ್ದು ಹೋಗಿ ಹೇಳಿ. ಪೋಸ್ಟರ್ ನೋಡಿ ಬರುವವರು ಹೇಗೂ ಬರುತ್ತಾರೆ. ತೋಟದ ಜೀಪು ಒಂದು ಸಿಕ್ಕರೆ ಬಾರದವರೂ ಬರುತ್ತಾರೆ.

ಕಛೇರಿಯ ದಿನ

ವೇದಿಕೆ ಬೇಡ. ವಾದ್ಯ ನೆಲದ ಮೇಲೆಯೇ ಇರಲಿ, ಮುಂದೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿ. ನುಡಿಸುವವರ ಕೈ ಕಾಣುವುದು ಪ್ರೇಕ್ಷಕರ ಎಡಬದಿಯಿಂದ. ಅತಿ ಚಿಕ್ಕವರು ಅಲ್ಲಿ ಕೂರಲಿ. ಶಾಲೆಯಲ್ಲಿ ಪ್ರೊಜೆಕ್ಟರ್ ಇದ್ದರೆ ಕೈಯ ಮೇಲೆ ಕ್ಯಾಮೆರಾ ಹಿಡಿದು ಗೋಡೆಗೆ ತೋರಿಸಬಹುದು. ಚಿಕ್ಕ ಹಾಲ್‌ನಲ್ಲಿ ಮೈಕ್ ಬೇಕಿಲ್ಲ, ಡಿಜಿಟಲ್ ಪಿಯಾನೊದ ಸ್ವಂತ ಸ್ಪೀಕರ್ ಐವತ್ತು ಮಕ್ಕಳಿಗೆ ಸಾಲುತ್ತದೆ.

ದಯವಿಟ್ಟು ಉದ್ಘಾಟನೆ, ಹಾರ, ಶಾಲು, ಅತಿಥಿಗಳ ಮಾತು ಇಟ್ಟುಕೊಳ್ಳಬೇಡಿ. ಮಕ್ಕಳ ಗಮನ ಇರುವುದೇ ಮೊದಲ ಅರ್ಧ ಗಂಟೆ. ಅದನ್ನು ಭಾಷಣಕ್ಕೆ ಕೊಟ್ಟರೆ ಸಂಗೀತಕ್ಕೆ ಉಳಿಯುವುದು ಆಕಳಿಕೆ. ಸಹಾಯ ಮಾಡಿದವರ ಹೆಸರನ್ನು ಬಾಗಿಲ ಬಳಿ ಬೋರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ.

ಮಕ್ಕಳನ್ನು ‘ಶ್‌’ ಎಂದು ಗದರಿಸಲೂಬಾರದು. ವಾಲಗ ಕೇಳಿದರೆ ನಮ್ಮ ಮಕ್ಕಳ ಕಾಲು ನಿಲ್ಲುತ್ತದೆಯೇ? ಇಲ್ಲ ಅಲ್ವಾ? ಇಲ್ಲೂ ಕುಣಿದರೆ ಕುಣಿಯಲಿ. ತುಣುಕಿನ ನಡುವೆ ಚಪ್ಪಾಳೆ ತಟ್ಟಿದರೂ ತಪ್ಪಲ್ಲ. ಅಳುವ ಮಗುವನ್ನು ಹೊರಗೆ ಒಯ್ದು ಮತ್ತೆ ಒಳಗೆ ತರಲು ಹಿಂದಿನ ಬಾಗಿಲು ತೆರೆದಿಡಿ. ಫೋನ್ ಸೈಲೆಂಟ್ ಮಾಡಬೇಕಾದವರು ದೊಡ್ಡವರು.

ಮುಟ್ಟಿ ನೋಡುವ ಹೊತ್ತು

ಇದನ್ನು ಬಿಟ್ಟರೆ ಕಛೇರಿ ಅರ್ಧವೇ. ಕೊನೆಯ ಅರ್ಧ ಗಂಟೆ ಮಕ್ಕಳದು. ನಿಜವಾದ ಪಿಯಾನೊ ಆದರೆ ಮುಂದಿನ ಹಲಗೆ ತೆಗೆಸಿ, ಒಳಗೆ ಟಾರ್ಚ್ ಬಿಡಿ. ಒಂದು ಕೀಯನ್ನು ತೀರಾ ನಿಧಾನವಾಗಿ ಒತ್ತಲು ಹೇಳಿ. ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆ ತಂತಿಯ ತನಕ ಬಂದು ಮುಟ್ಟದೆ ಹಿಂದೆ ಬೀಳುತ್ತದೆ, ಸದ್ದೇ ಇಲ್ಲ. ಮತ್ತೆ ಸ್ವಲ್ಪ ಜೋರಾಗಿ ಒತ್ತಿಸಿ. ಸುತ್ತಿಗೆ ಹಾರಿ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ, ಸ್ವರ ಹಬ್ಬುತ್ತದೆ. ಬೆರಳು ತೆಗೆದ ಕೂಡಲೆ ಇನ್ನೊಂದು ಉಣ್ಣೆಯ ತುಂಡು ತಂತಿಯ ಮೇಲೆ ಕೂತು ಸ್ವರ ನಿಲ್ಲಿಸುತ್ತದೆ. ಬಲಗಡೆಯ ಪೆಡಲ್ ತುಳಿದರೆ ಆ ತುಂಡುಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಆಗ ‘ಓ!’ ಎಂದು ಕೂಗಿದರೆ ಪಿಯಾನೊ ತಂತಿಗಳು ಆ ಕೂಗನ್ನು ಮೆಲ್ಲಗೆ ವಾಪಸ್ ಹೇಳುತ್ತವೆ. ಒಂದು ಮಗು ಕೂಗಿದರೆ ಸಾಲಿನಲ್ಲಿದ್ದ ಎಲ್ಲರೂ ಕೂಗಿಯೇ ಮನೆಗೆ ಹೋಗುವುದು. ಡಿಜಿಟಲ್ ಆದರೆ ಒಳಗೆ ನೋಡಲು ಏನೂ ಇಲ್ಲ. ಆಗ ಸುತ್ತಿಗೆಯ ವೀಡಿಯೊ ತೋರಿಸಿ, ಮಕ್ಕಳು ಒಬ್ಬೊಬ್ಬರಾಗಿ ‘ಮಳೆಹನಿ’ಯ ಆ ಒಂದು ಕೀ ಒತ್ತಲಿ, ಉಳಿದ ರಾಗವನ್ನು ಕಲಾವಿದರು ನುಡಿಸಲಿ. ಮುಟ್ಟುವ ಮೊದಲು ಕೈ ತೊಳೆಸಿ. ತಿಂಡಿ ಕೊಡುವುದಿದ್ದರೆ ಇದೆಲ್ಲ ಮುಗಿದ ಮೇಲೆ.

ಆಮೇಲೆ

ಮನೆಗೆ ಹೋಗುತ್ತಾ ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುವ ಉತ್ತರವೇ ಬರುತ್ತದೆ. ‘ಆನೆ ನಿದ್ದೆ ಮಾಡಿತಾ?’ ಎಂದು ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.

ಮಗು ಖುಷಿಪಟ್ಟಿತೆಂದು ಮರುದಿನವೇ ಪಾಠಕ್ಕೆ ಸೇರಿಸಬೇಡಿ. ಅದಾಗಿ ಅದೇ ಕೇಳಿದರೆ, ಕೇಳುತ್ತಲೇ ಇದ್ದರೆ, ಆಗ ಗುರುಗಳನ್ನು ಹುಡುಕಿ. ಕೇಳುಗರಾಗಿಯೇ ಉಳಿದರೂ ಏನೂ ನಷ್ಟವಿಲ್ಲ. ಆ ದಿನ ನುಡಿಸಿದ ಐದು ಕೃತಿಗಳ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್‌ ಎರಡರಲ್ಲೂ ಅಚ್ಚು ಹಾಕಿಸಿ ಎಲ್ಲರಿಗೂ ಕೊಡಿ, ಮನೆಯಲ್ಲಿ ಹುಡುಕಿ ಕೇಳಲು ಅನುಕೂಲ. ಚೀಟಿಯ ಕೆಳಗೆ ಮುಂದಿನ ಕಛೇರಿಯ ದಿನಾಂಕ ಇರಲಿ. ಒಂದೇ ಸಲ ಕೇಳಿದ್ದು ಬೇಗ ಮರೆತುಹೋಗುತ್ತದೆ, ಆರು ತಿಂಗಳಿಗೊಮ್ಮೆಯಾದರೂ ಮತ್ತೆ ಕೇಳಬೇಕು. ನವೆಂಬರ್‌ದು ಮಡಿಕೇರಿಯಲ್ಲಿ ಆದರೆ ಏಪ್ರಿಲ್‌ದು ವಿರಾಜಪೇಟೆಗೋ ಸೋಮವಾರಪೇಟೆಗೋ ಹೋಗಲಿ. ಅದಕ್ಕೆ ಬೇಕಾದ ಹಾಲ್ ಮತ್ತು ಕಲಾವಿದರನ್ನು ಡಿಸೆಂಬರ್‌ನಲ್ಲೇ ಮಾತಾಡಿ ಇಟ್ಟುಕೊಳ್ಳಿ, ಏಪ್ರಿಲ್ ಮದುವೆಗಳ ತಿಂಗಳು.