ದುರಸ್ತಿ ಕಾಣದ ಹಳೆಯ ಜಾವಾ, ಯೆಜ್ದಿಗೆ ಬೆಲೆ ಕಟ್ಟುವುದು ಹೇಗೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 1961ರಿಂದ ಅಲ್ಲಿ ಮೊದಲು ಜಾವಾ, ಆಮೇಲೆ ಯೆಜ್ದಿ ಎಂಬ ಹೆಸರಿನಲ್ಲಿ ತಯಾರಾದ ಬೈಕುಗಳಲ್ಲಿ ಎಷ್ಟೋ ಗಾಡಿಗಳು ಮೈಸೂರು, ಮಂಡ್ಯ ಸೀಮೆಯ ಕೊಟ್ಟಿಗೆ, ಪಂಪ್‌ಹೌಸು, ಗೋದಾಮುಗಳಲ್ಲಿ ಇಂದಿಗೂ ದೂಳು ಹಿಡಿದು ನಿಂತಿವೆ. ಇಂಥದೊಂದು ಮಾರಾಟಕ್ಕೆ ಬಂದಾಗ ಮಾರುವವರು ಮೊಬೈಲಿನಲ್ಲಿ ಕಂಡ ಥಳಥಳಿಸುವ ಗಾಡಿಯ ಬೆಲೆ ಹೇಳುತ್ತಾರೆ, ಕೊಳ್ಳುವವರು ಗುಜರಿ ತೂಕದ ಲೆಕ್ಕ ಹಾಕುತ್ತಾರೆ. ಎರಡೂ ತಪ್ಪು. ಯಾವುದನ್ನು ಮತ್ತೆ ಮಾಡಿಸಲು ಬರುವುದಿಲ್ಲವೋ ಅದಕ್ಕೆ ಹಣ ಕೊಡಬೇಕು, ಮಾಡಿಸಲು ಬರುವಂಥದ್ದರ ಖರ್ಚನ್ನು ಕಳೆಯಬೇಕು. ಮುಂದಿನ ಲೆಕ್ಕವೆಲ್ಲ ಈ ಮಾತಿನ ವಿಸ್ತರಣೆಯೇ.

ಗಾಡಿಯನ್ನು ಮುಟ್ಟುವ ಮೊದಲು ಕಾಗದಪತ್ರ ನೋಡಿ. ಆರ್‌ಸಿ ಪುಸ್ತಕ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೆಯೇ, ನೋಂದಣಿಯ ಅವಧಿ ನವೀಕರಣಗೊಂಡಿದೆಯೇ ಎಂಬುದು ಮೊದಲ ಪ್ರಶ್ನೆ. ಖಾಸಗಿ ವಾಹನದ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಮೂವತ್ತು ವರ್ಷ ಮೂಲೆಯಲ್ಲಿ ನಿಂತ ಗಾಡಿಗೆ ಸಾಮಾನ್ಯವಾಗಿ ಇದಾವುದೂ ಆಗಿರುವುದಿಲ್ಲ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾಗುತ್ತದೆ, ಅಣ್ಣತಮ್ಮಂದಿರ ನಡುವೆ ಪಾಲು ಆಗದ ಮನೆಯಲ್ಲಿ ಈ ಒಂದು ಸಹಿಗೇ ವರ್ಷಗಟ್ಟಲೆ ಕಾಯಬೇಕಾಗಬಹುದು. ಪುಸ್ತಕವೇ ಕಳೆದುಹೋಗಿದ್ದರೆ ನಂಬರ್ ಪ್ಲೇಟಿನ ಸಂಖ್ಯೆ ಹಿಡಿದು ಆರ್‌ಟಿಒ ಕಚೇರಿಯಲ್ಲಿ ದಾಖಲೆ ಇದೆಯೇ ಎಂದು ವಿಚಾರಿಸಿ. ಎಲ್ಲಿಯೂ ದಾಖಲೆ ಸಿಗದ ಗಾಡಿಯನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಬಿಡಿಭಾಗಗಳ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಟ್ಟು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಸಂಖ್ಯೆಗಳು. ಚಾಸಿಸ್, ಅಂದರೆ ಗಾಡಿಯ ಚೌಕಟ್ಟಿನ ಸಂಖ್ಯೆಯನ್ನು ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಭಾಗದಲ್ಲಿಯೂ ಎಂಜಿನ್ ಸಂಖ್ಯೆಯನ್ನು ಎಂಜಿನ್ನಿನ ಕೆಳಗಿನ ಲೋಹದ ಗೂಡಾದ ಕ್ರ್ಯಾಂಕ್‌ಕೇಸ್ ಮೇಲೂ ಓದಬಹುದು. ಜಿಡ್ಡು ಕಟ್ಟಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ. ಅಕ್ಷರಗಳ ಆಳ, ಸಾಲು, ಅಂತರ ಒಂದೇ ಸಮನಾಗಿವೆಯೇ, ಸುತ್ತಲಿನ ಲೋಹದಲ್ಲಿ ಗ್ರೈಂಡರ್ ಆಡಿಸಿದ ಗುರುತಿದೆಯೇ ಎಂದು ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಎರಡೂ ಸಂಖ್ಯೆಗಳು ಆರ್‌ಸಿಯೊಂದಿಗೆ ತಾಳೆಯಾದರೆ ಗಾಡಿಯ ಅರ್ಧ ಬೆಲೆ ಅಲ್ಲಿಯೇ ನಿರ್ಧಾರವಾದಂತೆ.

ಮಾದರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ರೋಮ್ ಪಟ್ಟಿಯ ಟ್ಯಾಂಕಿನ, ಆರಂಭದ ವರ್ಷಗಳ ಜಾವಾ 250ಕ್ಕೂ, 1980ರ ದಶಕದಲ್ಲಿ ಕೆಲವೇ ವರ್ಷ ತಯಾರಾದ ಎರಡು ಸಿಲಿಂಡರಿನ ಯೆಜ್ದಿ 350ಕ್ಕೂ ಬೇಡಿಕೆ ಹೆಚ್ಚು. 1978ರಿಂದ ಕೊನೆಯವರೆಗೆ ತಯಾರಾದ ರೋಡ್‌ಕಿಂಗ್ ಇನ್ನೂ ಸಾಕಷ್ಟು ಸಿಗುತ್ತದೆ. ಮೊದಲ ಗಾಡಿಗಳಲ್ಲಿ ಜೆಕೊಸ್ಲೊವಾಕಿಯಾದಿಂದ ಬಂದ ಭಾಗಗಳಿರುತ್ತಿದ್ದವು. ಕಾರ್ಬುರೇಟರಿನ ಮೇಲೆ ಜಿಕೋವ್ ಎಂದೋ ವಿದ್ಯುತ್ ಭಾಗಗಳ ಮೇಲೆ ಪಾಲ್ ಎಂದೋ ಅಚ್ಚು ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ, ಬಹಳ ಗಾಡಿಗಳಲ್ಲಿ ಅವು ಎಂದೋ ಬದಲಾಗಿ ಹೋಗಿವೆ.

ಬಣ್ಣದ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಹೊಳೆಯುವ ಹೊಸ ಬಣ್ಣಕ್ಕಿಂತ ಮಾಸಿದ, ಗೀರು ಬಿದ್ದ ಕಾರ್ಖಾನೆಯ ಬಣ್ಣಕ್ಕೇ ಬೆಲೆ ಹೆಚ್ಚು, ಏಕೆಂದರೆ ಹೊಸ ಬಣ್ಣವನ್ನು ಯಾವ ಶೆಡ್ಡಿನಲ್ಲಾದರೂ ಹೊಡೆಸಬಹುದು. ಮೂಲ ಬಣ್ಣ ಯಾವುದೆಂದು ತಿಳಿಯಲು ಟ್ಯಾಂಕಿನ ಎರಡೂ ಬದಿಯ ಮಂಡಿ ರಬ್ಬರನ್ನು, ಮಾಲೀಕರ ಅನುಮತಿ ಪಡೆದು, ಒಂದು ಮೂಲೆಯಿಂದ ಮೆಲ್ಲಗೆ ಎತ್ತಿ ನೋಡಿ. ಬಿಸಿಲು, ಪೆಟ್ರೋಲು ಸೋಕದ ಆ ಜಾಗದಲ್ಲಿ ಕಾರ್ಖಾನೆಯ ಬಣ್ಣ ಹಾಗೆಯೇ ಉಳಿದಿರುವುದುಂಟು. ಮೇಲಿನ ಬಣ್ಣ ಅದಕ್ಕೆ ಹೊಂದದಿದ್ದರೆ ಗಾಡಿ ಒಮ್ಮೆಯಾದರೂ ಬಣ್ಣ ಕಂಡಿದೆ ಎಂದರ್ಥ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮಡ್‌ಗಾರ್ಡ್ ಮೇಲೂ ಟ್ಯಾಂಕಿನ ತಳದಲ್ಲೂ ಆಡಿಸಿದರೆ, ಅದು ಹಿಡಿಯದ ಕಡೆ ತಗಡಿಗೆ ಬದಲು ಪುಟ್ಟಿ (ತಗ್ಗು ಮುಚ್ಚುವ ಲೇಪ) ತುಂಬಿರುವುದು ಗೊತ್ತಾಗುತ್ತದೆ. ನಾಲೆಯ ಬಯಲಿನ ತೇವದ ನೆಲದಲ್ಲಿ ನಿಂತ ಗಾಡಿಯಾದರೆ ತುಕ್ಕು ಕೆಳಗಿನಿಂದ ಏರಿರುತ್ತದೆ. ರಿಮ್ಮು, ಸ್ಪೋಕು, ಸೆಂಟರ್ ಸ್ಟ್ಯಾಂಡಿನ ಬುಡ, ಎರಡೂ ಸೈಲೆನ್ಸರಿನ ಹೊಟ್ಟೆಯನ್ನು ಬಗ್ಗಿ ನೋಡದೆ ಏಳಬೇಡಿ. ಮೂಲ ಸೈಲೆನ್ಸರು ತುಕ್ಕು ಹಿಡಿದಿದ್ದರೂ ಇದ್ದರೆ ಲಾಭವೇ. ಅಂಗಡಿಯ ನಕಲು ಸೈಲೆನ್ಸರಿಗೆ ಆ ಬೆಲೆ ಇಲ್ಲ.

ಎಂಜಿನ್ನಿನ ಪರೀಕ್ಷೆಗೆ ಅವಸರ ಸಲ್ಲದು. ವರ್ಷಗಟ್ಟಲೆ ನಿಂತ ಗಾಡಿಯ ಕಿಕ್ಕರ್ ಮೇಲೆ ಹತ್ತಿ ನಿಂತು ತುಳಿದರೆ ಸಿಲಿಂಡರಿಗೆ ಹಿಡಿದಿರುವ ಪಿಸ್ಟನ್ ರಿಂಗು ಮುರಿಯಬಹುದು. ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಹಾಗೆಯೇ ಇಟ್ಟು, ಆಮೇಲೆ ಕೈಯಿಂದಲೇ ಕಿಕ್ಕರನ್ನು ಒತ್ತಿ ನೋಡಬೇಕು. ಗೇರೂ ಕಿಕ್ಕೂ ಒಂದೇ ಲಿವರಿನಲ್ಲಿರುವ ಗಾಡಿಯಾದ್ದರಿಂದ ಅದು ಎರಡೂ ಸ್ಥಾನಗಳಲ್ಲಿ ಸರಿಯಾಗಿ ನಿಲ್ಲುತ್ತದೆಯೇ ಎಂಬುದನ್ನೂ ಗಮನಿಸಿ. ಮಾಲೀಕರು ಒಪ್ಪಿದರೆ ಹೆಡ್ ಬಿಚ್ಚಿಸುವುದು ಒಳ್ಳೆಯದು, ಅದು ಮೆಕ್ಯಾನಿಕ್‌ಗೆ ಸಣ್ಣ ಕೆಲಸ. ಪಿಸ್ಟನ್ನಿನ ತಲೆಯ ಮೇಲಿನ ಕರಿಯನ್ನು ಒರೆಸಿದರೆ ಅಲ್ಲಿ ಕೊರೆದಿರುವ ಅಳತೆ ಕಾಣುತ್ತದೆ. ಕಾರ್ಖಾನೆಯಿಂದ ಬಂದಾಗ ಜಾವಾ 250ರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿಲಿಮೀಟರು. ಪ್ರತಿ ಸಲ ಬೋರ್ ಮಾಡಿಸಿದಾಗಲೂ ಅದು ಹಿಗ್ಗುತ್ತದೆ, ಕೊನೆಯ ಅಳತೆ ಮುಟ್ಟಿದ್ದರೆ ಮುಂದೆ ಸಿಲಿಂಡರಿನ ಒಳಗೆ ಕೂರಿಸುವ ಹೊಸ ಕೊಳವೆಯ, ಅಂದರೆ ಲೈನರಿನ, ಖರ್ಚು ಕಟ್ಟಿಟ್ಟದ್ದು. ಬಲಬದಿಯ ಮುಚ್ಚಳ ತೆಗೆದು ಕ್ರ್ಯಾಂಕಿನ ತುದಿಯಲ್ಲೇ ಕೂತಿರುವ ಡೈನಮೋವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಅದು ಅಲುಗಿದರೆ ಬೇರಿಂಗು ಹೋಗಿದೆ. ಕ್ರ್ಯಾಂಕನ್ನು ಬಿಚ್ಚಿ ಮತ್ತೆ ಪ್ರೆಸ್ಸಿನಲ್ಲಿ ನೇರಕ್ಕೆ ಕೂರಿಸಬಲ್ಲವರು ಈಗ ಕಡಿಮೆ, ಆದ್ದರಿಂದ ಆ ಕೂಲಿಯನ್ನು ಧಾರಾಳವಾಗಿಯೇ ಹಿಡಿಯಿರಿ. ಎಣ್ಣೆ ಸೀಲುಗಳು ಒಣಗಿರುತ್ತವೆಂದು ನೋಡದೆಯೇ ಬರೆದುಕೊಳ್ಳಬಹುದು.

ಇನ್ನು ಲೆಕ್ಕ. ಹೇಳುವ ಬೆಲೆಗೂ ಕೈ ಸೇರುವ ಬೆಲೆಗೂ ಅಂತರವಿರುವುದರಿಂದ, ಅದೇ ಮಾದರಿಯ, ಚೆನ್ನಾಗಿ ಸಿದ್ಧಪಡಿಸಿದ ಗಾಡಿ ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂದು ಕೊಂಡವರನ್ನೇ ಕೇಳಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಸೇರುವ ಸವಾರರ ನಡುವೆ ಒಂದು ಬೆಳಿಗ್ಗೆ ಕಳೆದರೆ ಬೆಲೆಯೂ ತಿಳಿಯುತ್ತದೆ, ಮೂಲ ಭಾಗಗಳು ಹೇಗಿರುತ್ತವೆಂಬುದನ್ನೂ ಕಣ್ಣಾರೆ ನೋಡಬಹುದು. ಲೆಕ್ಕದ ಅನುಕೂಲಕ್ಕಾಗಿ ಆ ಬೆಲೆ 2,00,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಎಂಜಿನ್, ಕ್ರೋಮ್, ಟೈರು, ವೈರಿಂಗು, ಕಾಗದಪತ್ರಗಳಿಗೆ ಮೆಕ್ಯಾನಿಕ್ ಹೇಳಿದ ಅಂದಾಜು 90,000 ಆದರೆ, ಬಿಚ್ಚಿದ ಮೇಲೆ ಕಾಣುವ ರೋಗಗಳಿಗಾಗಿ ಅದರ ಐದನೆಯ ಒಂದು ಭಾಗ, ಅಂದರೆ 18,000 ಸೇರಿಸಿ. ಈ ಎರಡನ್ನೂ 2,00,000ದಿಂದ ಕಳೆದರೆ ಉಳಿಯುವ 92,000 ನಿಮ್ಮ ಮಿತಿ. ಮೂಲ ಬಣ್ಣ, ತಾಳೆಯಾಗುವ ಸಂಖ್ಯೆ, ಹಳೆಯ ಮೈಸೂರು ರಾಜ್ಯದ ನೋಂದಣಿ, ಜೊತೆಗೆ ಮೊದಲ ಆರ್‌ಸಿ ಪುಸ್ತಕ ಎಲ್ಲವೂ ಇದ್ದರೆ ಮಾತ್ರ ಈ ಮಿತಿಯನ್ನು ಮೀರಬಹುದು, ಏಕೆಂದರೆ ಅಂಥ ಗಾಡಿಯನ್ನು ಪೂರ್ತಿ ಬಿಚ್ಚಿ ಹೊಸದು ಮಾಡುವುದೇ ತಪ್ಪು. ಎಂಜಿನ್ ಸರಿಪಡಿಸಿ, ಮೈ ಒರೆಸಿ, ಇದ್ದಂತೆಯೇ ಇಟ್ಟುಕೊಳ್ಳಬೇಕು.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಯ ದಾರಿಯೂ ಇದೆ. ಅದಕ್ಕೆ ಚಾಸಿಸ್, ಎಂಜಿನ್‌ಗಳು ಹೆಚ್ಚಿನ ಬದಲಾವಣೆ ಕಾಣದೆ ಮೂಲ ರೂಪದಲ್ಲಿರಬೇಕು, ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನವೂ ಸಂತೇಪೇಟೆಗೆ ಹೋಗಿಬರಲು ಗಾಡಿ ಬೇಕೆನ್ನುವವರು ಈ ದಾರಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಬೆಲೆ ಕುದುರಿದ ಮೇಲೆ ಸಣ್ಣ ಮುಂಗಡ ಕೊಟ್ಟು ರಸೀದಿ ಪಡೆಯಿರಿ. ಉಳಿದ ಹಣವನ್ನು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರ ಸಹಿ ಬಿದ್ದ ದಿನವೇ ಕೊಡಿ. ಗಾಡಿ ಸಾಗಿಸುವಾಗ ಟೂಲ್‌ಬಾಕ್ಸು, ಕಳಚಿಟ್ಟ ಸೈಡ್ ಕವರು, ಮೊಳೆಯಾಕಾರದ ಹಳೆಯ ಕೀಲಿ, ಅಟ್ಟದ ಮೇಲಿರಬಹುದಾದ ಬಿಡಿಭಾಗಗಳನ್ನೂ ಕೇಳಿ ಪಡೆಯಿರಿ, ಅವುಗಳ ಬೆಲೆಯನ್ನು ನೀವು ಆಗಲೇ ಕೊಟ್ಟಿರುತ್ತೀರಿ.