ಕೆಜಿಎಫ್ ಚಾಪ್ಟರ್ 2: ಶಿಳ್ಳೆ ಬೇರೆ, ಸ್ಟಾರ್ ಬೇರೆ ಎಂದು ಬರೆದುಕೊಂಡ ಬಗೆ

2022ರ ಏಪ್ರಿಲ್ 14ರಂದು ತೆರೆಗೆ ಬಂದ ‘ಕೆಜಿಎಫ್ ಚಾಪ್ಟರ್ 2’ ಬಗ್ಗೆ ಎರಡು ಮಾತು ಒಟ್ಟಿಗೇ ಓಡಾಡಿದವು. ಬರೀ ಸದ್ದು, ಬರೀ ಹೊಡೆದಾಟ ಎಂಬುದು ಒಂದು. ಇಂಥ ಸಿನಿಮಾ ಕನ್ನಡದಲ್ಲಿ ಬಂದೇ ಇರಲಿಲ್ಲ ಎಂಬುದು ಇನ್ನೊಂದು. ಇಬ್ಬರೂ ನೋಡಿದ್ದು ಅದೇ ಸಿನಿಮಾ, ಆದರೆ ಕೇಳಿಕೊಂಡ ಪ್ರಶ್ನೆ ಬೇರೆ. ಈ ಹಿಂಸೆಗೆ ಕಥೆಯಲ್ಲಿ ಆಧಾರ ಇದೆಯೇ ಎಂದು ವಿಮರ್ಶಕರು ನೋಡಿದರು. 2018ರ ಡಿಸೆಂಬರ್‌ನಲ್ಲಿ ಬಂದ ಮೊದಲ ಭಾಗ ಬಿಟ್ಟ ಜಾಗದಿಂದ ನಾಯಕ ರಾಕಿ ಇನ್ನೂ ಮೇಲೇರಿದನೇ ಎಂದು ಪ್ರೇಕ್ಷಕರು ನೋಡಿದರು. ಗ್ಯಾಂಗ್‌ಸ್ಟರ್ ಸಿನಿಮಾದ ಎರಡನೇ ಭಾಗದ ಪ್ರತಿಕ್ರಿಯೆ ಬರೆಯುವಾಗ ಈ ಎರಡನ್ನೂ ಕಲಸಿಬಿಟ್ಟರೆ ಬರಹ ಅಲ್ಲೇ ಕೆಡುತ್ತದೆ. ಹಾಗಾಗಿ ನಾನು ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡುತ್ತೇನೆ.

ಮೊದಲು ಥಿಯೇಟರಿನ ಪುಸ್ತಕ. ಕನಿಷ್ಠ ಮೂರು ಶೋ ಬೇಕು: ಮೊದಲ ದಿನ ಒಂದು ಸಿಂಗಲ್ ಸ್ಕ್ರೀನ್, ಮೊದಲ ಸೋಮವಾರದ ಸಂಜೆ ಆಟ, ಎರಡನೇ ವಾರ ಮಲ್ಟಿಪ್ಲೆಕ್ಸ್‌ನ ಮಧ್ಯಾಹ್ನದ ಆಟ. ಮೊದಲ ದಿನದ್ದು ಅಭಿಮಾನಿಗಳ ಹಬ್ಬ. ಕಟೌಟು, ಹಾಲಿನ ಅಭಿಷೇಕ, ಪಟಾಕಿಯ ನಡುವೆ ಟೈಟಲ್ ಕಾರ್ಡಿಗೂ ಶಿಳ್ಳೆ ಬೀಳುವುದರಿಂದ ಯಾವ ದೃಶ್ಯ ಗೆದ್ದಿತೆಂದು ಆ ಶೋ ಒಂದರಿಂದಲೇ ಹೇಳಲಾಗದು. ಸೋಮವಾರವೂ ಅದೇ ಜಾಗದಲ್ಲಿ ಶಿಳ್ಳೆ ಬಿದ್ದರೆ ಅದು ದೃಶ್ಯದ ಗೆಲುವು.

ಕೂರುವುದು ಬಾಲ್ಕನಿಯಲ್ಲಿ, ಕೊನೆಯಿಂದ ಎರಡನೇ ಸಾಲಿನ ಅಂಚಿನ ಸೀಟಿನಲ್ಲಿ. ಅಲ್ಲಿಂದ ಮುಖ ಕಾಣದಿದ್ದರೂ ಮೊಬೈಲಿನ ಬೆಳಕು ಕಾಣುತ್ತದೆ. ಪುಟದಲ್ಲಿ ನಾಲ್ಕು ಕಲಂ: ನಿಮಿಷ, ಪರದೆಯಲ್ಲಿ ನಡೆದದ್ದು, ಜನರ ಸದ್ದು, ಹೊತ್ತಿದ ಮೊಬೈಲು. ಈ ಸಿನಿಮಾ 168 ನಿಮಿಷದ್ದು, ಮೊದಲ ಭಾಗಕ್ಕಿಂತ 12 ನಿಮಿಷ ಉದ್ದ. ‘ಎಳೆದಿದ್ದಾರೆ’ ಎಂದು ಹೊರಗೆ ಬಂದು ಹೇಳುವವರು ಎಲ್ಲಿ ಎಳೆದಿದ್ದಾರೆ ಎಂದು ಹೇಳುವುದಿಲ್ಲ. ಅದು ನಾಲ್ಕನೇ ಕಲಮಿನಲ್ಲಿ ಸಿಗುತ್ತದೆ. ಕತ್ತಲಲ್ಲಿ ಬರೆಯುವುದಕ್ಕೆ ಪೆನ್ಸಿಲ್ಲೇ ಸರಿ, ಪ್ರತಿ ನಮೂದಿಗೂ ಎರಡು ಸಾಲು ಜಾಗ ಬಿಡಬೇಕು. ಇಲ್ಲದಿದ್ದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಮನೆಯಲ್ಲಿ ಓದಲಾಗುವುದಿಲ್ಲ.

ಹೀಗೆ ಬರೆದುಕೊಂಡಾಗ ಹಿಂಸೆಯ ಬಗ್ಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೊಲೀಸ್ ಸ್ಟೇಷನ್ ಮೇಲೆ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ ಗುಂಡು ಸುರಿಸುವ ದೃಶ್ಯವನ್ನೇ ತೆಗೆದುಕೊಳ್ಳಿ. ಶಿಳ್ಳೆ ಜೋರಾಗುವುದು ಗುಂಡು ಹಾರುವಾಗ ಅಲ್ಲ, ಕೆಂಪಗೆ ಕಾದ ಬ್ಯಾರೆಲ್‌ಗೆ ರಾಕಿ ಸಿಗರೇಟು ತಾಗಿಸಿದಾಗ. ಅಂದರೆ ಚಪ್ಪಾಳೆ ಬಿದ್ದದ್ದು ನಾಶಕ್ಕಿಂತ ಹೆಚ್ಚಾಗಿ ಆ ನಿರಾಳ ನಿಲುವಿಗೆ. ರಾಕಿಯ ಹೆಂಡತಿ ರೀನಾಳ ಸಾವಿನಲ್ಲಿ ಅದೇ ಹಾಲ್ ಸುಮ್ಮನಾಗುತ್ತದೆ. ಪೆಟ್ಟು ಯಾರ ಮೇಲೆ ಬೀಳುತ್ತಿದೆ, ಮೊದಲು ಎಷ್ಟು ಹೊತ್ತು ತಡೆದಿದ್ದಾರೆ, ರವಿ ಬಸ್ರೂರರ ಸಂಗೀತ ಎಲ್ಲಿ ನಿಂತು ಎಲ್ಲಿ ಎದ್ದಿದೆ ಎಂಬುದರ ಮೇಲೆ ಪ್ರತಿಕ್ರಿಯೆ ನಿಲ್ಲುತ್ತದೆ. ‘ಜನಕ್ಕೆ ರಕ್ತ ಇಷ್ಟ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ಈ ವ್ಯತ್ಯಾಸ ನೋಡಿರುವುದಿಲ್ಲ.

ಪರದೆ ಕಪ್ಪಾಗಿ ಮತ್ತೆ ಬೆಳಗುವ ಕಾರಿನ ಚೇಸ್ ಇನ್ನೊಂದು ಮುಖ್ಯ ಜಾಗ. ಕೆಲವರಿಗೆ ಅದು ಸಿನಿಮಾದ ಅತ್ಯುತ್ತಮ ಸಂಕಲನ, ಕೆಲವರಿಗೆ ಕಣ್ಣುನೋವು. ಇಂಥ ಕಡೆ ‘ಹಿಂಸೆ ಜಾಸ್ತಿ’ ಎಂಬ ದೂರಿನ ಒಳಗಿರುವುದು ಕಣ್ಣು ಕಿವಿಯ ಆಯಾಸ. ಅದನ್ನು ನೈತಿಕ ಆಕ್ಷೇಪದ ಲೆಕ್ಕಕ್ಕೆ ಸೇರಿಸುವುದು ತಪ್ಪು.

ಎರಡನೇ ಪುಸ್ತಕ ವಿಮರ್ಶೆಗಳದ್ದು. ಹತ್ತು ಹನ್ನೆರಡು ಸಾಕು, ಆದರೆ ಕನ್ನಡ, ಹಿಂದಿ, ಇಂಗ್ಲಿಷ್, ತೆಲುಗು, ತಮಿಳು, ಮಲಯಾಳ ಎಲ್ಲದರಿಂದಲೂ ಇರಲಿ. ಓದುವ ಮೊದಲೇ ವಿಮರ್ಶಕರು ಕೊಟ್ಟ ಸ್ಟಾರ್ ರೇಟಿಂಗಿನ ಮೇಲೆ ಕಾಗದ ಅಂಟಿಸುತ್ತೇನೆ. ಸ್ಟಾರ್ ಕಂಡರೆ ವಾಕ್ಯಗಳೆಲ್ಲ ಅದಕ್ಕೆ ತಕ್ಕಂತೆ ಕೇಳಿಸತೊಡಗುತ್ತವೆ. ಆಮೇಲೆ ವಾಕ್ಯಗಳನ್ನು ಹಿಂಸೆ, ಹೆಣ್ಣಿನ ಪಾತ್ರ, ಸದ್ದು ಮತ್ತು ಸಂಕಲನ, ನಾಯಕನ ಬಿಲ್ಡಪ್ ಎಂದು ಬೇರ್ಪಡಿಸುವುದು. ವಿಮರ್ಶಕರು ನೋಡಿದ್ದು ಯಾವ ಭಾಷೆಯ ಪ್ರಿಂಟ್ ಎಂದು ಪಕ್ಕದಲ್ಲಿ ಬರೆಯಲೇಬೇಕು. ಮೊದಲ ಭಾಗದಲ್ಲಿ ಕಥೆ ಹೇಳಿದ ಅನಂತ್ ನಾಗ್ ಬದಲು ಇಲ್ಲಿ ಪ್ರಕಾಶ್ ರೈ ಬಂದದ್ದು ಕನ್ನಡದ ಪ್ರೇಕ್ಷಕನಿಗೆ ದೊಡ್ಡ ಕೊರತೆ, ಡಬ್ಬಿಂಗ್ ನೋಡಿದವನಿಗೆ ಅಷ್ಟೇನೂ ಅಲ್ಲ. ಹಿಂದಿಯವರಿಗೆ ರಾಕಿಯಲ್ಲಿ ಎಪ್ಪತ್ತರ ದಶಕದ ಅಮಿತಾಭ್ ಕಂಡರೆ, ನಮ್ಮವರಿಗೆ ನಮ್ಮದೇ ಕೋಲಾರದ ಚಿನ್ನದ ಗಣಿಯ ನೆನಪು. ಪ್ರಧಾನಿ ರಮಿಕಾ ಸೇನ್ ಪಾತ್ರ ಮಾಡಿದ ರವೀನಾ ಟಂಡನ್ ಅವರನ್ನು ಹೊಗಳಿ, ಮುಂದಿನ ಪ್ಯಾರಾದಲ್ಲೇ ರೀನಾಳ ಪಾತ್ರ ತೆಳುವಾಯಿತು ಎಂದವರ ಮಾತು ನನಗೆ ಸರಿ ಅನಿಸಿತು. ಸ್ಟಾರ್ ಮಾತ್ರ ನೋಡಿದ್ದರೆ ಆ ಎರಡೂ ಸಿಗುತ್ತಿರಲಿಲ್ಲ.

ಕಲೆಕ್ಷನ್ ಓದುವಾಗ ಹೆಚ್ಚು ತಪ್ಪಾಗುತ್ತದೆ. ಗ್ರಾಸ್, ನೆಟ್, ಶೇರ್ ಮೂರೂ ಬೇರೆ. ಆಗ 100 ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18. 236 ರೂಪಾಯಿ ಕೊಟ್ಟರೆ ಅದು ಗ್ರಾಸ್, ತೆರಿಗೆ ಕಳೆದ 200 ನೆಟ್. ಥಿಯೇಟರಿನ ಪಾಲು ಕಳೆದು ವಿತರಕನಿಗೆ ಉಳಿಯುವುದು ಶೇರ್. ಹಿಂದಿಯ ಮೊದಲ ದಿನದ ಸುಮಾರು 54 ಕೋಟಿ ನೆಟ್ ಲೆಕ್ಕ. ಅದನ್ನು ಬೇರೆ ಸಿನಿಮಾದ ಗ್ರಾಸ್ ಪಕ್ಕ ಇಟ್ಟರೆ ಹೋಲಿಕೆಯೇ ಸುಳ್ಳಾಗುತ್ತದೆ. ಇಳಿಕೆ ಅಳೆಯಲು ಶುಕ್ರವಾರವನ್ನೂ ಸೋಮವಾರವನ್ನೂ ಹೋಲಿಸುವ ರೂಢಿ ಇಲ್ಲಿ ನಡೆಯದು. 14ರ ಗುರುವಾರ ಅಂಬೇಡ್ಕರ್ ಜಯಂತಿ, 15 ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ಮೊದಲ ಮಾಮೂಲಿ ದಿನ ಬಂದದ್ದೇ 18ಕ್ಕೆ. ಹಾಗಾಗಿ 18ರ ಸೋಮವಾರವನ್ನು 25ರ ಸೋಮವಾರದ ಜೊತೆ ಇಟ್ಟು ನೋಡಬೇಕು.

ಸಿನಿಮಾ ನೋಡಿ ಕೆಟ್ಟರು ಎಂಬ ಸುದ್ದಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಇಡುತ್ತೇನೆ. ಏಪ್ರಿಲ್ 19ರಂದು ಶಿಗ್ಗಾವಿಯ ಥಿಯೇಟರಿನಲ್ಲಿ ಗುಂಡು ಹಾರಿತು. ವರದಿಯಾದ ಜಗಳ ಮುಂದಿನ ಸೀಟಿನ ಮೇಲೆ ಕಾಲಿಟ್ಟದ್ದಕ್ಕೆ. ಆ ಹೊತ್ತಿಗೆ ತೆರೆಯ ಮೇಲಿದ್ದದ್ದು ಈ ಸಿನಿಮಾ ಎಂಬ ಒಂದೇ ಕಾರಣಕ್ಕೆ ಅದನ್ನು ಪ್ರೇಕ್ಷಕರ ಪ್ರತಿಕ್ರಿಯೆ ಎನ್ನಲಾಗದು. ಹಾಗೆಂದು ಪ್ರಶ್ನೆ ಬಿಡುವಂತಿಲ್ಲ. ಸಿನಿಮಾಕ್ಕೆ ಸೆನ್ಸಾರ್‌ನಿಂದ ಸಿಕ್ಕಿದ್ದು ಯು/ಎ ಸರ್ಟಿಫಿಕೇಟ್, 12ರ ಕೆಳಗಿನವರೂ ಹಿರಿಯರ ಜೊತೆ ಬರಬಹುದಿತ್ತು. ಮಧ್ಯಾಹ್ನದ ಆಟದಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆ, ಯಾವ ದೃಶ್ಯದಲ್ಲಿ ದೊಡ್ಡವರು ಅವರ ಕಣ್ಣು ಮುಚ್ಚಿದರು ಎಂದು ಬರೆದುಕೊಳ್ಳುವುದು ಇದಕ್ಕೇ. 2024ರ ನವೆಂಬರ್‌ನಿಂದ ಯುಎ ಒಳಗೆ 7+, 13+, 16+ ಎಂಬ ವಿಂಗಡಣೆ ಬಂದಿದೆ, ಆದ್ದರಿಂದ ಈಗ ಆ ಕಲಮಿಗೆ ವಯಸ್ಸಿನ ಅಂದಾಜನ್ನೂ ಸೇರಿಸಬೇಕು.

ಓಟಿಟಿಗೆ ಬಂದ ಮೇಲೆ ಬಂದ ಮಾತುಗಳಿಗೆ ದಿನಾಂಕ ಹಾಕಿ ಹೊಸ ಪುಟ ತೆರೆಯಿರಿ. ಥಿಯೇಟರಿನಲ್ಲಿ ಎದೆ ನಡುಗಿಸಿದ ಬಿಜಿಎಂ (ಹಿನ್ನೆಲೆ ಸಂಗೀತ) ಟಿವಿಯ ಸಣ್ಣ ಸ್ಪೀಕರಿನಲ್ಲಿ ಬರೀ ಗದ್ದಲ. ರಿಮೋಟ್ ಕೈಯಲ್ಲಿದ್ದವರು ಬಿಲ್ಡಪ್ಪನ್ನು ಓಡಿಸಿ ಹೊಡೆದಾಟ ಮಾತ್ರ ನೋಡುತ್ತಾರೆ. ಅವರಿಗೆ ಕಂಡದ್ದು 168 ನಿಮಿಷದ ಆ ಸಿನಿಮಾ ಅಲ್ಲ.